ಬೇಡ ಎಂದ ರೈತನ ಲೆಕ್ಕ
(ಪ್ರೊ. ಸ್ಕಾರ್ಲೆಟ್ ಎಪ್‌ಸ್ಟೈನ್ ಅವರ ವಿದ್ವತ್ ಜೀವನ ಮತ್ತು ನಮ್ಮ ನಾಲೆ ಬಯಲು)

ನಮ್ಮ ಹಾಲು ಉತ್ಪಾದಕರ ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಕಾರ್ಯದರ್ಶಿಗಳು ಎರಡು ಸಲ ಮನೆಗೆ ಬಂದು ಹೋದರು. "ಗ್ರಾಮಸೇವಕರಾಗಿ ಊರೂರು ಸೈಕಲ್ ತುಳಿದವರು ನೀವು. ಬೇಸಾಯದ ಹಳೇ ಸಂಗತಿ ಏನಾದ್ರೂ ಬರೀರಿ ಸಾರ್" ಎಂದರು. ಹಳೇ ಸಂಗತಿ ಎಂದಾಗ ನನಗೆ ಮೊದಲು ನೆನಪಿಗೆ ಬಂದದ್ದು ನಾನು ಮಾಡಿದ ಒಂದು ತಪ್ಪು. ಆ ತಪ್ಪನ್ನು ನನಗೆ ತೋರಿಸಿಕೊಟ್ಟವರು ನಮ್ಮ ಜಿಲ್ಲೆಯವರಲ್ಲ, ನಮ್ಮ ದೇಶದವರೂ ಅಲ್ಲ. ಆದರೆ ಅವರು ಪಾಠ ಕಲಿತದ್ದು ನಮ್ಮ ನಾಲೆ ನೀರಿನ ಊರುಗಳಲ್ಲೇ. ಆದ್ದರಿಂದ ಅವರ ವಿಷಯ ಈ ಸಂಚಿಕೆಯಲ್ಲಿ ಬಂದರೆ ತಪ್ಪಾಗಲಾರದು ಎಂದುಕೊಂಡು ಬರೆಯುತ್ತಿದ್ದೇನೆ.

ನಾನು ನೌಕರಿಗೆ ಸೇರಿದ್ದು 1974ರಲ್ಲಿ. ಎರಡು ವರ್ಷ ಕಳೆದ ಮೇಲೆ ನಮ್ಮ ತಾಲ್ಲೂಕಿನ ನಾಲೆ ಕೆಳಗಿನ ಒಂದು ಊರಿನಲ್ಲಿ ಭತ್ತದ ಸಾಲುನಾಟಿ ಪ್ರಾತ್ಯಕ್ಷಿಕೆ ಮಾಡಿಸುವ ಕೆಲಸ ಬಿತ್ತು. ಹೈನು ನಾಟಿಯ ಕಾಲ. ಗಂಟು ಹಾಕಿದ ದಾರ, ಗೂಟ ಎಲ್ಲಾ ಹಿಡಿದುಕೊಂಡು ಬೆಳಿಗ್ಗೆಯೇ ಗದ್ದೆ ಬದುವಿನ ಮೇಲೆ ನಿಂತೆ. ನಾಟಿಗೆ ಬಂದಿದ್ದ ಹೆಂಗಸರು ಹನ್ನೆರಡೋ ಹದಿಮೂರೋ ಜನ. ಎರಡು ಪಟ್ಟೆ ಹಾಕುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂತು. ಅವರ ಮುಂದಾಳು ಹೆಂಗಸು ಸೊಂಟ ನೆಟ್ಟಗೆ ಮಾಡಿ ನಿಂತು, "ಸೋಮಿ, ನಿಮ್ ದಾರ ಹಿಡ್ಕಂಡು ನಾಟಿ ಮಾಡುದ್ರೆ ಈ ಗದ್ದೆ ಇವತ್ತು ಮುಗಿಯಾಕಿಲ್ಲ. ನಾಳೆ ಕೂಲಿ ನೀವ್ ಕೊಟ್ಟೀರಾ?" ಎಂದಳು. ನಾನು ಗದ್ದೆ ಯಜಮಾನರ ಮುಖ ನೋಡಿದೆ. ಅವರು ಆಕಾಶ ನೋಡಿದರು. ಮಧ್ಯಾಹ್ನದ ಮೇಲೆ ದಾರ ಬದುವಿನ ಮೇಲೇ ಉಳಿಯಿತು, ನಾಟಿ ಮಾಮೂಲಿನಂತೆ ನಡೆಯಿತು.

ಅವತ್ತು ಸಂಜೆ ವರದಿ ಬರೆಯುವಾಗ 'ಪ್ರಾತ್ಯಕ್ಷಿಕೆ ಅಪೂರ್ಣಗೊಂಡಿದ್ದಕ್ಕೆ ಕಾರಣ' ಎಂಬ ಕಲಮಿನ ಮುಂದೆ 'ರೈತರ ತಿಳಿವಳಿಕೆಯ ಕೊರತೆ' ಎಂದು ಬರೆದು ಸಹಿ ಹಾಕಿದೆ. ಆ ಹೆಂಗಸು ಕೇಳಿದ ಪ್ರಶ್ನೆಯನ್ನು ಬರೆಯಲಿಲ್ಲ. ಬರೆಯಬೇಕು ಅಂತ ಹೊಳೆಯಲೂ ಇಲ್ಲ. ಆಮೇಲಿನ ವರ್ಷಗಳಲ್ಲಿ ಇದೇ ಮಾತನ್ನು ಎಷ್ಟು ವರದಿಗಳಲ್ಲಿ ಬರೆದೆನೋ ಲೆಕ್ಕ ಇಟ್ಟಿಲ್ಲ.

ನಿವೃತ್ತಿಯಾಗಿ ಮನೆಯಲ್ಲಿದ್ದಾಗ, ಕೃಷಿ ವಿಸ್ತರಣೆಯ ಮೇಲೆ ಎಂ.ಎಸ್ಸಿ. ಓದುತ್ತಿದ್ದ ನನ್ನ ತಂಗಿ ಮಗಳು ಒಂದು ಇಂಗ್ಲಿಷ್ ಲೇಖನದ ಜೆರಾಕ್ಸ್ ತಂದು ಕೊಟ್ಟಳು. "ಮಾವ, ಇದು ನಮ್ಮ ಸೀಮೆ ಕತೇನೇ, ಓದಿ" ಎಂದಳು. 1967ರಲ್ಲಿ ಅಚ್ಚಾದ ಲೇಖನ. ಅಂದರೆ ನಾನು ದಾರ ಹಿಡಿದು ಗದ್ದೆಗೆ ಇಳಿಯುವುದಕ್ಕಿಂತ ಒಂಬತ್ತು ವರ್ಷ ಮುಂಚೆ! ಬರೆದವರು ಟಿ. ಸ್ಕಾರ್ಲೆಟ್ ಎಪ್‌ಸ್ಟೈನ್. ಮಂಡ್ಯದ ಹತ್ತಿರದ ಒಂದು ಹಳ್ಳಿಯ ರೈತರು ಜಪಾನ್ ಪದ್ಧತಿಯ ಭತ್ತದ ಬೇಸಾಯವನ್ನು ಯಾಕೆ ಒಪ್ಪಲಿಲ್ಲ ಎಂಬುದು ಅದರಲ್ಲಿ ಬರುವ ಒಂದು ಮುಖ್ಯ ವಿಚಾರ. ನಿಘಂಟು ಇಟ್ಟುಕೊಂಡು ಓದಿದೆ. ಓದುತ್ತಾ ಓದುತ್ತಾ ಆ ನಾಟಿ ಹೆಂಗಸಿನ ಮಾತು ಕಿವಿಯಲ್ಲಿ ಮತ್ತೆ ಕೇಳಿಸಿದಂತಾಯಿತು.

ಈ ಎಪ್‌ಸ್ಟೈನ್ ಅವರು ಹುಟ್ಟಿದ್ದು 1922ರಲ್ಲಿ, ಆಸ್ಟ್ರಿಯಾ ದೇಶದ ವಿಯೆನ್ನಾ ನಗರದಲ್ಲಿ, ಯಹೂದಿ ಕುಟುಂಬದಲ್ಲಿ. 1938ರಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯಾವನ್ನು ನುಂಗಿದಾಗ ಇನ್ನೂ ಹದಿನಾರು ತುಂಬದ ಹುಡುಗಿ. ಯುಗೋಸ್ಲಾವಿಯಾ, ಅಲ್ಬೇನಿಯಾಗಳ ಮೂಲಕ ತಪ್ಪಿಸಿಕೊಂಡು 1939ರಲ್ಲಿ ಇಂಗ್ಲೆಂಡ್ ಸೇರಿದರು. ಅಲ್ಲಿ ಹೊಟ್ಟೆಪಾಡಿಗೆ ಕಾರ್ಖಾನೆಯಲ್ಲಿ ದುಡಿದು, ತಡವಾಗಿ ಓದು ಮುಂದುವರಿಸಿ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯ ಸೇರಿದರು. ಓದಿದ್ದು ಅರ್ಥಶಾಸ್ತ್ರ. ಆದರೆ ಅಲ್ಲಿ ಮ್ಯಾಕ್ಸ್ ಗ್ಲಕ್‌ಮನ್ ಎಂಬ ದೊಡ್ಡ ಮಾನವಶಾಸ್ತ್ರಜ್ಞರು ಕಟ್ಟಿದ್ದ ವಿಭಾಗವಿತ್ತು. ಊರಿನಲ್ಲಿ ಬಿಡಾರ ಹೂಡಿ, ಜನರ ಜೊತೆ ಇದ್ದು ನೋಡಿ ಬರೆಯಬೇಕು ಎಂಬುದು ಆ ಗುಂಪಿನ ಕ್ರಮ. ಹೀಗೆ ಅಂಕಿ ಅಂಶದ ಶಾಸ್ತ್ರ ಒಂದು ಕೈಯಲ್ಲಿ, ಜನರ ನಡುವೆ ಬಾಳಿ ನೋಡುವ ಶಾಸ್ತ್ರ ಇನ್ನೊಂದು ಕೈಯಲ್ಲಿ ಹಿಡಿದು 1954ರಲ್ಲಿ ಅವರು ಮೈಸೂರು ರಾಜ್ಯಕ್ಕೆ ಬಂದರು. 1956ರವರೆಗೆ ಇದ್ದರು.

ಬಂದ ಉದ್ದೇಶ ಇಷ್ಟೇ. ನೀರಾವರಿ ಬಂದರೆ ಹಳ್ಳಿಯಲ್ಲಿ ಏನೇನು ಬದಲಾಗುತ್ತದೆ? ದುಡ್ಡು ಬದಲಾಗುವುದು ಸರಿ, ಜನ ಬದಲಾಗುತ್ತಾರೆಯೇ?

ಇದನ್ನು ನೋಡುವುದಕ್ಕೆ ನಮ್ಮ ಸೀಮೆಗಿಂತ ಒಳ್ಳೆಯ ಜಾಗ ಸಿಕ್ಕುತ್ತಿರಲಿಲ್ಲ. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. 1930ರ ದಶಕದ ಆರಂಭದಲ್ಲಿ ಕಟ್ಟೆಯ ಎಡದಂಡೆಯಿಂದ ಹೊರಟ ಇರ್ವಿನ್ ನಾಲೆ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆ, ನಮ್ಮ ಪಾಂಡವಪುರದ ಕಡೆಯಿಂದಲೇ ಹಾದು, ಹುಲಿಕೆರೆ ಸುರಂಗದೊಳಗೆ ನುಗ್ಗಿ ಮಂಡ್ಯ ಬಯಲಿಗೆ ಹೋಯಿತು. ಆಗ ನಮ್ಮ ಊರಿಗೆ ಫ್ರೆಂಚ್‌ರಾಕ್ಸ್ ಎಂದೇ ಹೆಸರು. ಹಿರಿಯರ ಬಾಯಲ್ಲಿ ಹಿರೋಡೆ. 1934ರ ಆರಂಭದಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಾರ್ಖಾನೆ ಕಬ್ಬು ಅರೆಯತೊಡಗಿತು. ಆ ಕಾರ್ಖಾನೆಗೂ ವಿ.ಸಿ. ಫಾರಂಗೂ ಬೆನ್ನೆಲುಬಾಗಿ ನಿಂತವರು ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್. 1939ರಲ್ಲಿ ಮಂಡ್ಯವೇ ಪ್ರತ್ಯೇಕ ಜಿಲ್ಲೆಯಾಯಿತು. ರಾಗಿ ತಿಂದು ಮಳೆ ಕಾಯುತ್ತಿದ್ದ ಸೀಮೆ ಒಂದೇ ತಲೆಮಾರಿನಲ್ಲಿ ಭತ್ತ, ಕಬ್ಬು, ಬೆಲ್ಲದ ಸೀಮೆಯಾಯಿತು. ನಾಲೆ ಸಿಕ್ಕಿದ ಊರು, ನಾಲೆಗಿಂತ ಎತ್ತರದಲ್ಲಿದ್ದು ನೀರು ಸಿಗದ ಊರು ಎರಡೂ ಪಕ್ಕಪಕ್ಕದಲ್ಲೇ ಉಳಿದವು. ನಮ್ಮ ತಾಲ್ಲೂಕನ್ನೇ ನೋಡಿ. ನಾಲೆ ಕೆಳಗಿನವರಿಗೂ ಮೇಲುಕೋಟೆ ಬೆಟ್ಟದ ಕಡೆಯ ಮಳೆ ನಂಬಿದವರಿಗೂ ಹೆಣ್ಣು ಕೊಟ್ಟು ತರುವ ಸಂಬಂಧ ಉಂಟು, ಆದರೆ ಬದುಕಿನ ದಾರಿ ಒಂದಲ್ಲ.

ಎಪ್‌ಸ್ಟೈನ್ ಅವರು ಮಂಡ್ಯದ ಹತ್ತಿರ ಇಂಥ ಎರಡು ಊರು ಆರಿಸಿಕೊಂಡರು. ಒಂದು ನೀರಾವರಿ ಊರು, ಇನ್ನೊಂದು ಖುಷ್ಕಿ ಊರು. ಪುಸ್ತಕದಲ್ಲಿ ಅವಕ್ಕೆ 'ವಂಗಲ', 'ದಲೇನ' ಎಂದು ಹೆಸರಿಟ್ಟಿದ್ದಾರೆ. ಇವು ಮರೆಹೆಸರು. ನಮ್ಮ ಕಡೆಯವರು ಈ ಹೆಸರು ಕೇಳಿದ ಕೂಡಲೇ ನಿಜವಾದ ಊರು ಯಾವುದೆಂದು ಊಹಿಸಿಬಿಡುತ್ತಾರೆ. ಅವರು ಮರ್ಯಾದೆಗೆಂದು ಮುಚ್ಚಿಟ್ಟದ್ದನ್ನು ನಾನು ಇಲ್ಲಿ ಬಿಚ್ಚುವುದಿಲ್ಲ.

ಅವರಿಗೆ ಸಿಕ್ಕಿದ ಉತ್ತರ ಎಲ್ಲರ ಎಣಿಕೆಗೆ ತಲೆಕೆಳಗಾಗಿತ್ತು. ನೀರು ಬಂದ ವಂಗಲದಲ್ಲಿ ದುಡ್ಡು ಬಂತು, ಕಬ್ಬು ಬಂತು, ಹೆಂಚಿನ ಮನೆ ಬಂತು. ಆದರೆ ಊರಿನ ಕಟ್ಟುಪಾಡು ಹೆಚ್ಚುಕಡಿಮೆ ಹಾಗೇ ಉಳಿಯಿತು. ರೈತ ಮುಂಚೆಯೂ ಬೇಸಾಯಗಾರ, ಈಗಲೂ ಬೇಸಾಯಗಾರ. ಮುಂಚೆ ರಾಗಿ, ಈಗ ಕಬ್ಬು. ಯಜಮಾನಿಕೆ, ಹಳೆಮಕ್ಕಳ ಸಂಬಂಧ, ಪಂಚಾಯ್ತಿ ಎಲ್ಲಾ ಹಳೆಯ ಜಾಡಿನಲ್ಲೇ ನಡೆದವು. ನೀರು ಸಿಗದ ದಲೇನದವರು ಮಾತ್ರ ಸುಮ್ಮನೆ ಕೂರಲಿಲ್ಲ. ಸುತ್ತಲಿನ ಊರುಗಳಿಗೆ ನೀರು ಬಂದದ್ದರಿಂದಲೇ ಅವರಿಗೂ ದಾರಿ ತೆರೆಯಿತು. ಗಾಡಿ ಕಟ್ಟಿ ಕಾರ್ಖಾನೆಗೆ ಕಬ್ಬು ಹೊಡೆದರು. ಕಾರ್ಖಾನೆಯಲ್ಲಿ, ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಹಿಡಿದರು. ಹಿಟ್ಟಿನ ಗಿರಣಿ ಹಾಕಿದರು, ಪಕ್ಕದ ಊರಲ್ಲಿ ಗದ್ದೆ ಕೊಂಡರು. ಊರಾಚೆ ಓಡಾಡಿದ್ದರಿಂದ ಊರೊಳಗಿನ ಹಳೇ ಕಟ್ಟು ಸಡಿಲವಾಯಿತು. ಅನುವಂಶೀಯ ಸಂಬಂಧಗಳು ಬಿಟ್ಟುಹೋದವು. ನೀರಿಲ್ಲದ ಊರೇ ಹೆಚ್ಚು ಬದಲಾಯಿತು! ಇದೆಲ್ಲ 1962ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ಪ್ರಕಾಶನದಿಂದ ಪುಸ್ತಕವಾಗಿ ಬಂತು. ಹೊರದೇಶದ ವಿದ್ಯಾರ್ಥಿಗಳು ಮಂಡ್ಯ ಎಂಬ ಹೆಸರು ಓದಿದ್ದು ಬಹುಮಟ್ಟಿಗೆ ಈ ಪುಸ್ತಕದಿಂದಲೇ ಇರಬೇಕು.

ವಂಗಲದ ಒಂದು ಪ್ರಸಂಗ ಹೇಳಲೇಬೇಕು. ಕೆಲವರಿಗೆ ಹಿಡಿಸದೇ ಇರಬಹುದು, ಆದರೂ ಚರಿತ್ರೆ ಚರಿತ್ರೆಯೇ. ಆ ಊರಿನ ಆದಿಕರ್ನಾಟಕ ಜನಾಂಗದವರು ಒಂದು ನಾಟಕ ಆಡಿದರು. ನಾಟಕ ಅಂದಮೇಲೆ ರಾಜ ಇರಬೇಕು, ರಾಜ ಸಿಂಹಾಸನದ ಮೇಲೆ ಕೂರಬೇಕು. ನೋಡಲು ಬಂದ ಒಕ್ಕಲಿಗರು ಕೆಳಗೆ, ಪಾತ್ರಧಾರಿ ಮೇಲೆ! ಇದೇ ದೊಡ್ಡ ಅಪರಾಧವಾಯಿತು. ಅವರನ್ನು ಕೆಲಸಕ್ಕೆ ಕರೆಯಬಾರದೆಂದು ಊರಿನ ಯಜಮಾನರು ಕಟ್ಟು ಮಾಡಿದರು. ಆದರೆ ಆ ಕಟ್ಟು ನಿಲ್ಲಲಿಲ್ಲ. ಕೂಲಿ ಇಲ್ಲದೆ ಅವರಿಗೆ ಕಷ್ಟ, ಆಳಿಲ್ಲದೆ ಇವರಿಗೂ ಕಷ್ಟ. ಮಾತು ಆಡಿದವರೇ ಮಾತು ಸಡಿಲಿಸಬೇಕಾಯಿತು. ನಾವು ಚಿಕ್ಕವರಿದ್ದಾಗ ನೋಡಿದ ಎಷ್ಟೋ ಪೌರಾಣಿಕ ನಾಟಕಗಳಲ್ಲಿ ಯಾರು ಯಾವ ಪಾತ್ರ ಕಟ್ಟುತ್ತಿದ್ದರು, ಯಾರು ಎಲ್ಲಿ ಕೂತು ನೋಡುತ್ತಿದ್ದರು ಎಂದು ಇದನ್ನು ಓದಿದ ಮೇಲೆ ನೆನಪು ಮಾಡಿಕೊಂಡೆ. ಹೇಳುವ ಹಾಗಿಲ್ಲ.

ಈಗ ಜಪಾನ್ ಪದ್ಧತಿಗೆ ಬರೋಣ. 1952-53ರಿಂದ ಸರ್ಕಾರ ದೇಶದಾದ್ಯಂತ ಪ್ರಚಾರ ಮಾಡಿದ ಕ್ರಮ ಇದು. ಏರುಮಡಿಯಲ್ಲಿ ಕಡಿಮೆ ಬೀಜ ಹಾಕಿ ಗಟ್ಟಿ ಪೈರು ಮಾಡುವುದು, ಅಂತರ ಬಿಟ್ಟು ಸಾಲಾಗಿ ನಾಟಿ, ಹೆಚ್ಚು ಗೊಬ್ಬರ, ಸಾಲಿನ ನಡುವೆ ಕಳೆ ಯಂತ್ರ ಓಡಿಸುವುದು. ಇಳುವರಿ ಹೆಚ್ಚು ಬರುವುದರಲ್ಲಿ ಅನುಮಾನವಿಲ್ಲ. ಆದರೂ ವಂಗಲದವರು ಬೇಡ ಎಂದರು. ಸೋಜಿಗ ಏನೆಂದರೆ ಅದೇ ವಂಗಲದವರು ಕಬ್ಬಿನಲ್ಲಿ ಕಾರ್ಖಾನೆಯವರು ಹೇಳಿಕೊಟ್ಟ ಹೊಸ ಕ್ರಮಗಳನ್ನು ತಕರಾರಿಲ್ಲದೆ ಒಪ್ಪಿಕೊಂಡಿದ್ದರು. ಅಂದಮೇಲೆ ಅವರನ್ನು ಹೊಸದಕ್ಕೆ ಹೆದರುವವರು, ಮೂಢರು ಎನ್ನುವಂತಿಲ್ಲ. ಒಬ್ಬನೇ ರೈತ, ಒಂದು ಬೆಳೆಗೆ ಹೂಂ ಅಂದ, ಇನ್ನೊಂದಕ್ಕೆ ಊಹೂಂ ಅಂದ. ಯಾಕೆ?

ಎಪ್‌ಸ್ಟೈನ್ ಅವರು ಹುಡುಕಿದ್ದು ಬೀಜದಲ್ಲಲ್ಲ, ಗೊಬ್ಬರದಲ್ಲಲ್ಲ, ಕಣದಲ್ಲಿ. ಭತ್ತ, ರಾಗಿ ಹಳೆಯ ಬೆಳೆಗಳು. ಅವುಗಳ ಕೆಲಸಕ್ಕೆ ಹಳೆಯ ಲೆಕ್ಕ ಇತ್ತು. ಕುಳುವಾಡಿಕೆಯವರು, ಆಯಗಾರರು, ಹಳೆಮಕ್ಕಳು ಎಂದು ಸುಗ್ಗಿಯಲ್ಲಿ ಇಷ್ಟು ಕಾಳು, ಇಷ್ಟು ಹುಲ್ಲು ಎಂದು ಕೊಡುವುದು ತಲೆತಲಾಂತರದಿಂದ ನಿಗದಿ. ಬೆಳೆ ಚೆನ್ನಾಗಿ ಬಂದರೂ ಅಷ್ಟೇ, ಕೆಟ್ಟರೂ ಅಷ್ಟೇ. ಬರಗಾಲದ ವರ್ಷ ಬೆಳೆದದ್ದರಲ್ಲಿ ಎಲ್ಲರೂ ಹಂಚಿಕೊಂಡು ಬದುಕಿ ಉಳಿಯಲು ಈ ಏರ್ಪಾಡು ದಾರಿ ಮಾಡಿತ್ತು. ದುಡಿಯುವವನಿಗೆ ಇದು ವಿಮೆ ಇದ್ದಂತೆ. ಯಜಮಾನನಿಗೂ ಒಳ್ಳೆ ವರ್ಷದಲ್ಲಿ ಹೆಚ್ಚುವರಿ ಕಾಳು ಉಳಿಯುತ್ತಿತ್ತು, ಬೇಕಾದಾಗ ಆಳು ಸಿಗುತ್ತಿತ್ತು. ಈಗ ಜಪಾನ್ ಪದ್ಧತಿ ತಂದರೆ ಏನಾಗುತ್ತದೆ? ನಾಟಿಗೆ, ಕಳೆಗೆ ಕೆಲಸ ಹೆಚ್ಚು. ನಿಗದಿ ಕಾಳಿಗೆ ಹೆಚ್ಚು ಕೆಲಸ ಯಾರು ಮಾಡುತ್ತಾರೆ? ಹೆಚ್ಚು ಕೊಡೋಣ ಎಂದರೆ ಇಡೀ ಊರಿನ ಕಟ್ಟೇ ಅಲುಗುತ್ತದೆ. ಒಬ್ಬ ರೈತ ಒಂದು ಎಕರೆ ಸಾಲುನಾಟಿಗಾಗಿ ಅಷ್ಟು ದೊಡ್ಡ ಕಂಬವನ್ನು ಅಲುಗಿಸಲಾರ. ಕಬ್ಬು ಹೊಸ ಬೆಳೆ. ಅದಕ್ಕೆ ಹಳೇ ಆಯ ಇಲ್ಲ, ಹಳೇ ವಾಡಿಕೆ ಇಲ್ಲ, ರೊಕ್ಕದ ಕೂಲಿ. ಆದ್ದರಿಂದ ಅದರಲ್ಲಿ ಹೊಸ ವಿದ್ಯೆ ಸಲೀಸಾಗಿ ಒಳಗೆ ಬಂತು.

ನಾನು ದಾರ ಹಿಡಿದ ಕಾಲಕ್ಕೆ ಆಯದ ಕಾಳು ಎಷ್ಟೋ ಕಡೆ ಹೋಗಿ ರೊಕ್ಕದ ಕೂಲಿ ಬಂದಿತ್ತು. ಆದರೂ ಆ ಹೆಂಗಸು ಕೇಳಿದ್ದು ಅದೇ ಲೆಕ್ಕ. ಕೆಲಸ ಹೆಚ್ಚಾದರೆ ಕೂಲಿ ಯಾರು ಕೊಡುತ್ತಾರೆ? ಇಳುವರಿ ಹೆಚ್ಚಾದರೆ ಯಾರ ಕಣಕ್ಕೆ ಹೋಗುತ್ತದೆ? ಇದು ತಿಳಿವಳಿಕೆಯ ಕೊರತೆಯಲ್ಲ. ತಿಳಿವಳಿಕೆ ಇದ್ದದ್ದೇ ಅವಳಿಗೆ. ಕೊರತೆ ನನ್ನ ವರದಿ ಪುಸ್ತಕದಲ್ಲಿತ್ತು.

ಕೃಷಿ ಸಂವಹನ, ಕೃಷಿ ವಿಸ್ತರಣೆ ಎಂದು ಈಗ ದೊಡ್ಡ ಶಾಸ್ತ್ರವೇ ಬೆಳೆದಿದೆ. ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾನಿಲಯ 1964ರಲ್ಲಿ ಆದ ಮೇಲೆ ನಮ್ಮ ಮಕ್ಕಳೂ ಅದನ್ನು ಓದುವಂತಾಯಿತು. ಆದರೆ ಮೊದಲ ದಿನಗಳಲ್ಲಿ ವಿಸ್ತರಣೆ ಎಂದರೆ ಮೇಲಿನಿಂದ ಕೆಳಕ್ಕೆ ಹೇಳುವುದು ಎಂದೇ ಅರ್ಥ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಗಿ ಗ್ರಾಮಸೇವಕರು ಬಂದರು. 1962ರಲ್ಲಿ ಇಡೀ ಮೈಸೂರು ರಾಜ್ಯಕ್ಕೆ ಮಂಡ್ಯ ಜಿಲ್ಲೆಯನ್ನೇ ಆರಿಸಿ ಪ್ಯಾಕೇಜ್ ಕಾರ್ಯಕ್ರಮ ತಂದರು. ಬೀಜ, ಗೊಬ್ಬರ, ಔಷಧಿ, ಸಹಕಾರ ಸಂಘದ ಸಾಲ, ಸಲಹೆ ಎಲ್ಲಾ ಒಟ್ಟಿಗೆ ಕೊಡುವ ಯೋಜನೆ ಅದು. ಅದರಿಂದ ಆದ ಒಳಿತನ್ನು ಅಲ್ಲಗಳೆಯುವವನು ನಾನಲ್ಲ. ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಮಾಡಿದ ಇಂಡಾಫ್ ರಾಗಿಯನ್ನು ಯಾವ ಗ್ರಾಮಸೇವಕನೂ ಬಲವಂತ ಮಾಡಿ ಬಿತ್ತಿಸಬೇಕಾಗಲಿಲ್ಲ. ರೈತರು ಫಾರಂ ಬಾಗಿಲಿಗೇ ಹೋಗಿ ಕೇಳಿ ತಂದರು. ಅದಕ್ಕೆ ಹೊಸ ಆಳು ಬೇಕಿರಲಿಲ್ಲ, ಹಳೇ ಕೂರಿಗೆ ಸಾಕಿತ್ತು.

ಅದೇ ಕಾಲದಲ್ಲಿ ಇನ್ನೊಬ್ಬ ವಿಯೆನ್ನಾದವರು ನಮ್ಮ ದೇಶದಲ್ಲಿ ಇದೇ ಬಗೆಯ ಕೆಲಸ ಮಾಡಿದರು. ಪಾಲ್ ನ್ಯೂರಾತ್ ಎಂದು ಅವರ ಹೆಸರು. ಹಿಟ್ಲರನ ಸೆರೆಶಿಬಿರಗಳಲ್ಲಿ ಇದ್ದು ಬಂದವರು. 1956ರಲ್ಲಿ ಪುಣೆ ಆಕಾಶವಾಣಿ ಸುಮಾರು 150 ಹಳ್ಳಿಗಳಲ್ಲಿ ರೇಡಿಯೋ ರೈತಕೂಟ ನಡೆಸಿತು. ರೇಡಿಯೋ ಮಾತು ಕೇಳಿ ಊರಿನವರು ಕೂತು ಚರ್ಚೆ ಮಾಡುವುದು, ಅವರ ಪ್ರಶ್ನೆ ಮತ್ತೆ ಆಕಾಶವಾಣಿಗೆ ಹೋಗುವುದು. ಬರಿ ರೇಡಿಯೋ ಇಟ್ಟ ಊರಿಗಿಂತ ಕೂತು ಚರ್ಚೆ ಮಾಡಿದ ಊರಿನಲ್ಲಿ ತಿಳಿವಳಿಕೆ ಬಹಳ ಹೆಚ್ಚಿತು ಎಂದು ಅಳೆದು ತೋರಿಸಿದವರು ನ್ಯೂರಾತ್. ಊರು ಕಳೆದುಕೊಂಡ ಇಬ್ಬರು ನಮ್ಮ ಊರುಗಳ ಮಾತಿಗೆ ಕಿವಿಗೊಟ್ಟದ್ದು ನನಗೆ ಇವತ್ತಿಗೂ ವಿಶೇಷವಾಗಿ ಕಾಣುತ್ತದೆ.

ಎಪ್‌ಸ್ಟೈನ್ ಅವರು ಆಮೇಲೆ ತಮ್ಮ ಪತಿ, ಮಾನವಶಾಸ್ತ್ರಜ್ಞ ಎ.ಎಲ್. ಎಪ್‌ಸ್ಟೈನ್ ಅವರ ಜೊತೆ ನ್ಯೂ ಬ್ರಿಟನ್ ದ್ವೀಪಕ್ಕೆ ಹೋಗಿ ತೊಲಾಯ್ ಜನರ ವ್ಯಾಪಾರ ವ್ಯವಹಾರ ಕುರಿತು ಬರೆದರು. ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಪ್ರಾಧ್ಯಾಪಕರಾದರು. ಬಡ ದೇಶಗಳ ಯುವ ವಿದ್ವಾಂಸರನ್ನು ತಮ್ಮ ತಮ್ಮ ದೇಶದ ಹಳ್ಳಿಗಳಿಗೇ ಕಳಿಸಿ ಅಧ್ಯಯನ ಮಾಡಿಸಿದರು. 1988ರಲ್ಲಿ ಒಂದು ಕೈಪಿಡಿ ಬರೆದರು. ಸಾಬೂನು ಮಾರುವ ಕಂಪನಿಯವರು ಗಿರಾಕಿಗೆ ಏನು ಬೇಕು ಎಂದು ಮೊದಲು ಕೇಳಿ ತಿಳಿಯುತ್ತಾರಲ್ಲ, ಹಳ್ಳಿಗೆ ಯೋಜನೆ ತರುವವರೂ ಆ ಜನರ ರೀತಿ ನೀತಿಗೆ ತಕ್ಕಂತೆ ಹಾಗೇ ಕೇಳಿ ತಿಳಿಯುವುದು ಹೇಗೆ ಎಂಬುದೇ ಅದರ ವಿಷಯ.

ಆದರೆ ಮಂಡ್ಯವನ್ನು ಅವರು ಬಿಡಲಿಲ್ಲ. 1970ರಲ್ಲಿ ಮತ್ತೆ ಬಂದು ಎರಡೂ ಊರು ನೋಡಿದರು. 1973ರಲ್ಲಿ ಎರಡನೇ ಪುಸ್ತಕ ಬಂತು. ವಂಗಲವನ್ನು ಒಳಮುಖದ ಊರು, ದಲೇನವನ್ನು ಹೊರಮುಖದ ಊರು ಎಂದು ಕರೆದರು. ಇನ್ನೊಂದು ಕಹಿ ಮಾತನ್ನೂ ಬರೆದರು. ಇದ್ದವರು ಮುಂದೆ ಬಂದರು, ಆದರೆ ಕಡು ಬಡವರ ಸ್ಥಿತಿ ಹದಿನೈದು ವರ್ಷದ ಹಿಂದಿಗಿಂತ ಕೆಟ್ಟಿದೆ ಎಂದು. ಹಳೇ ಆಯ ತಪ್ಪಿತು, ಅದರ ಜಾಗಕ್ಕೆ ಗಟ್ಟಿಯಾದದ್ದು ಬರಲಿಲ್ಲ. ಹಳೆಯದನ್ನು ಒಳ್ಳೆಯದೆನ್ನಲು ನನಗೆ ಮನಸ್ಸಿಲ್ಲ, ಆ ನಾಟಕದ ಪ್ರಸಂಗ ಸಾಕು. ಆದರೆ ವಿಮೆ ಹರಿದುಹೋದದ್ದು ಬಡವರದ್ದೇ ಎಂಬುದು ಲೆಕ್ಕದಲ್ಲಿ ಕಾಣುತ್ತದೆ.

1998ರಲ್ಲಿ ಮೂರನೇ ಪುಸ್ತಕ, ನಲವತ್ತು ವರ್ಷದ ಬದಲಾವಣೆಯ ಕತೆ. ಇದನ್ನು ಒಬ್ಬರೇ ಬರೆಯಲಿಲ್ಲ. ಮೊದಲ ಅಧ್ಯಯನದ ಕಾಲದಿಂದ ಸಹಾಯಕರಾಗಿದ್ದ ಎ.ಪಿ. ಸೂರ್ಯನಾರಾಯಣ ಮತ್ತು ಐ.ಎ.ಎಸ್. ಅಧಿಕಾರಿಯಾಗಿದ್ದ ಟಿ. ತಿಮ್ಮೇಗೌಡರು ಜೊತೆ ಲೇಖಕರು. ಪುಸ್ತಕದ ಹೆಸರೇ 'ಹಳ್ಳಿಯ ದನಿಗಳು' ಎಂಬ ಅರ್ಥದ್ದು. 2001ರಲ್ಲಿ, ಎಂಬತ್ತರ ಹತ್ತಿರದ ವಯಸ್ಸಿನಲ್ಲಿ, ಹಳ್ಳಿ ಮತ್ತು ಪಟ್ಟಣ ಒಂದಕ್ಕೊಂದು ಪಾಲುದಾರರಾಗಿ ಬೆಳೆಯಬೇಕು ಎಂಬ ವಿಚಾರವನ್ನು ಡೇವಿಡ್ ಜೆಝೆಫ್ ಎಂಬುವರ ಜೊತೆ ಮಂಡಿಸಿದರು. ಅದರ ಬೇರು ದಲೇನದಲ್ಲಿದೆ ಎಂದು ನನ್ನ ಎಣಿಕೆ. 2005ರಲ್ಲಿ ಆತ್ಮಕಥೆ ಬಂತು. 2014ರಲ್ಲಿ ತೀರಿಕೊಂಡರು.

ನಮ್ಮ ಸಂಘದ ವಿಚಾರಕ್ಕೆ ಬಂದು ಮುಗಿಸುತ್ತೇನೆ. 1974ರಲ್ಲಿ ರಾಜ್ಯದಲ್ಲಿ ಹೈನು ಅಭಿವೃದ್ಧಿ ನಿಗಮ ಆಗಿ ಊರೂರಿಗೆ ಹಾಲಿನ ಸಂಘ ಬರತೊಡಗಿದಾಗ ಅದನ್ನು ಹೆಂಗಸರು ಬೇಗ ಒಪ್ಪಿದರು. ಯಾಕೆಂದರೆ ಹಾಲಿಗೆ ಹಳೇ ಆಯ ಇರಲಿಲ್ಲ. ಅಳೆದು ಹಾಕಿದಷ್ಟಕ್ಕೆ ಬಟವಾಡೆ ದಿನ ರೊಕ್ಕ ಬರುತ್ತಿತ್ತು, ಅದೂ ಅವರ ಕೈಗೆ. ಈ ಬೆಳ್ಳಿಹಬ್ಬಕ್ಕೆಂದು ಸಂಘದ ನಡಾವಳಿ ಪುಸ್ತಕಗಳನ್ನು ಮೊದಲಿಂದ ಓದಿ ನೋಡಿದೆ. ರಸಮೇವು ಮಾಡುವ ತರಬೇತಿ, ಹಾಲು ಕರೆಯುವ ಯಂತ್ರ, ರಾಸು ವಿಮೆ ಹೀಗೆ ಹಲವು ಬಾಬುಗಳ ಕೆಳಗೆ 'ಸದಸ್ಯರು ಆಸಕ್ತಿ ತೋರಲಿಲ್ಲ' ಎಂದು ಬರೆದಿದೆ. ಅಕ್ಷರ ಬೇರೆಯವರದು. ಮಾತು ಮಾತ್ರ ನಾನು 1976ರಲ್ಲಿ ಬರೆದದ್ದೇ.

ಕಾರ್ಯದರ್ಶಿಗಳನ್ನು ಕೇಳಿದೆ, "ಯಾಕೆ ಬೇಡ ಅಂದ್ರು ಅಂತ ಯಾರಾದ್ರೂ ಕೇಳಿದ್ರೇನಪ್ಪ?" ಎಂದು. ಅವರು ಸ್ವಲ್ಪ ಯೋಚನೆ ಮಾಡಿ, "ವಿಮೆ ಬೇಡ ಅಂದವರು ನಾಲ್ಕೈದು ಜನ ಹೆಂಗಸರು ಈಗಲೂ ದಿನಾ ಹಾಲು ಹಾಕೋಕೆ ಬರ್ತಾರೆ ಸಾರ್" ಎಂದರು. ನಾಳೆ ಬೆಳಿಗ್ಗೆ ಡೇರಿ ಹತ್ತಿರ ಹೋಗಿ ಕೂರಬೇಕೆಂದಿದ್ದೇನೆ.